ಮಗ್ಗದ ಮನೆಯ ಗಾಳಿಬಾಯಿ

ಗಾಳಿಯನ್ನು ತಗಡಿನ ಕೊಳವೆಯಲ್ಲಿ ಕರೆದುಕೊಂಡು ಹೋಗಿ ಇನ್ನೊಬ್ಬರ ಮನೆಯೊಳಗೆ ಬಿಡುವ ಕೆಲಸ ಮಾಡಿದವನಿಗೆ ನಗೆಪಾಟಲಿನ ಸಂಗತಿಗಳು ಮುಗಿಯುವುದೇ ಇಲ್ಲ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ, ಬಾಗಿಲು ಕಿಟಕಿ ಎಲ್ಲ ಬಿಗಿದು ಕೂಲರಿನ ಮುಂದೆ ಬೆವರುತ್ತ ಕೂತವರು ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಕಣ್ಣಿಗೆ ಬೀಳುತ್ತಾರೆ. ನಗು ಬರುತ್ತದೆ. ಅದರ ಹಿಂದೆಯೇ ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಅತ್ತಿಗೆ ನೆನಪಾಗುತ್ತಾಳೆ. ಆಮೇಲೆ ನಗುವೂ ಇಲ್ಲ, ಸಿಟ್ಟೂ ಇಲ್ಲ.

ನಾನು ಹಿಂದೂಪುರದ ಮಗ್ಗದವರ ಮನೆಯಲ್ಲಿ ಹುಟ್ಟಿದವನು. ಮಗ್ಗ ನನ್ನ ಕೈಗೆ ಹತ್ತಲಿಲ್ಲ. ನಾನು ಕೂತೆನೆಂದರೆ ಹಾಸಿನ ಎಳೆಗಳು ತಾವಾಗಿ ಹರಿಯುತ್ತಿದ್ದವು. ತಗಡು ಹತ್ತಿತು. ಬೆಂಗಳೂರಿನ ಸಿನಿಮಾ ಟಾಕೀಸುಗಳಿಗೆ ತಣ್ಣನೆ ಗಾಳಿಯ ಡಕ್ಟು ಕೂರಿಸುವವರ ಕೈಕೆಳಗೆ ಕೆಲವು ವರ್ಷ ಸುತ್ತಿಗೆ ಹಿಡಿದು, ಎಂಬತ್ತರ ದಶಕದ ಮೊದಲಿಗೆ ಊರಿಗೆ ವಾಪಸು ಬಂದೆ. ಓದು ಅಂದರೆ ಗೋಡೆಯ ಮೇಲಿನ ಪೋಸ್ಟರುಗಳು, ಬೋಂಡ ಕಟ್ಟಿಕೊಟ್ಟ ಪೇಪರುಗಳು. ಅಷ್ಟರಲ್ಲೇ ಈ ಲೋಕದಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅನ್ನುವುದು ನನಗೆ ಸ್ಪಷ್ಟವಾಗಿತ್ತು. ಬೆಳಿಗ್ಗೆ ಉಳ್ಳವರ ಮಾಳಿಗೆಯ ಮೇಲೆ ಡಕ್ಟು ಬಿಗಿಯುತ್ತಿದ್ದೆ, ಸಾಯಂಕಾಲ ಅವರ ಬಾಗಿಲ ಮುಂದೆ ಧಿಕ್ಕಾರ ಕೂಗುತ್ತಿದ್ದೆ. ಎರಡಕ್ಕೂ ಒಂದೇ ಅಂಗಿ.

ಅಣ್ಣ ಹೋದ ಮೇಲೆ ಅತ್ತಿಗೆ ರೇಷ್ಮೆ ಸೀರೆಯ ಸಾಹುಕಾರರ ಮಗ್ಗದ ಮನೆಯಲ್ಲಿ ನೇಯುತ್ತಿದ್ದಳು. ನನ್ನನ್ನು ಸಾಕಿದವಳು ಅವಳೇ. ಸಾಹುಕಾರರ ದೊಡ್ಡ ಮನೆಗೆ ಅಂಟಿಕೊಂಡ ಹಾಗೆ ಹಿಂದುಗಡೆ ಆ ಮಗ್ಗದ ಮನೆ. ಮೇಲೆ ಸಿಮೆಂಟು ಶೀಟು. ಹಿತ್ತಲ ಕಡೆಗೊಂದು ಬಾಗಿಲಿತ್ತು, ಆಚೆ ಹುಣಸೆ ಮರದ ನೆರಳೂ ಇತ್ತು. ಆದರೆ ಆ ಬಾಗಿಲಿಗೆ ಹಗಲಿಡೀ ಅಗಳಿ ಹಾಕಿರಬೇಕು, ಇಲ್ಲದಿದ್ದರೆ ನೂಲು ನಡೆದುಕೊಂಡು ಹೋಗುತ್ತದೆ ಅಂತ ಸಾಹುಕಾರರ ಕಟ್ಟಪ್ಪಣೆ. ಮಧ್ಯಾಹ್ನ ಊಟವಾದ ಮೇಲೆ ತಾವೇ ಬಂದು ಅಗಳಿ ಮುಟ್ಟಿ ನೋಡುತ್ತಿದ್ದರು. ಒಂದು ಬೇಸಿಗೆ ಅತ್ತಿಗೆ ಮಗ್ಗದ ಮೇಲೆಯೇ ಕಣ್ಣು ಕತ್ತಲೆ ಬಂದು ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದರು. ಸಾಹುಕಾರರು ಬಂದು ನೋಡಿ, ಮಗ್ಗದಲ್ಲಿದ್ದ ಸೀರೆಯ ಸೆರಗಿನ ಮೇಲೆ ನೀರು ಬಿತ್ತಲ್ಲ ಅಂದರು.

ಆ ಮಗ್ಗದ ಮನೆಗೆ ಡಕ್ಟಿನ ತಣ್ಣನೆ ಗಾಳಿ ಇಳಿಯುವ ಒಂದೇ ಒಂದು ಗಾಳಿಬಾಯಿ ಹಾಕಿಸದೆ ಬಿಡುವುದಿಲ್ಲ ಅಂತ ಅವತ್ತು ಹಟ ಹಿಡಿದೆ. ಕೆಳಗೆ ಹೇಳುವುದೆಲ್ಲ ಆ ಹಟದ ಕಥೆ. ನಗುವವರು ನಗಬಹುದು, ನಾನೂ ನಗುತ್ತೇನೆ.

೧. ಬೀದಿಗೆ ಬಿಟ್ಟ ಗಾಳಿ

ಮೊದಲ ಡಕ್ಟು ಕೂರಿಸಿದ್ದು ಕಲ್ಯಾಣದುರ್ಗದಲ್ಲಿ, ನಮ್ಮ ಸಾಹುಕಾರರ ಬಾಮೈದನ ಮನೆಗೆ. ಕಡಲೆಕಾಯಿ ಮಂಡಿಯ ಮನುಷ್ಯ. ಹಣೆಗೆ ಮೂರು ಬೆರಳಿನ ವಿಭೂತಿ, ಮಾತಿಗೆ ಮುಂಚೆ ತಕ್ಕಡಿ.

ಕೆಲಸ ಸರಳ. ಮಾಳಿಗೆಯ ಮೇಲೆ ತಗಡಿನ ದೊಡ್ಡ ಪೆಟ್ಟಿಗೆ, ಅದರ ಮೂರು ಕಡೆ ಲಾವಂಚದ ತಡಿಕೆ, ತಡಿಕೆಯ ಮೇಲೆ ನೀರು ತೊಟ್ಟಿಕ್ಕಬೇಕು. ಒಳಗೆ ಫ್ಯಾನು ಹೊರಗಿನ ಬಿಸಿಗಾಳಿಯನ್ನು ಆ ಒದ್ದೆ ತಡಿಕೆಯಿಂದ ಎಳೆದು, ತಣ್ಣಗೆ ಮಾಡಿ, ತಗಡಿನ ಕೊಳವೆಯಲ್ಲಿ ಕೋಣೆಗೆ ತಳ್ಳುತ್ತದೆ. ಇದರಲ್ಲಿ ಒಂದು ಮಾತು ಮಾತ್ರ ಮರೆಯಬಾರದು. ಎಷ್ಟು ಗಾಳಿ ಒಳಗೆ ಬರುತ್ತದೋ ಅಷ್ಟು ಗಾಳಿ ಆಚೆ ಹೋಗಲು ಕಿಟಕಿ ತೆರೆದಿರಬೇಕು. ಇಲ್ಲದಿದ್ದರೆ ಮನೆ ಹಬೆಯ ಪಾತ್ರೆಯಾಗುತ್ತದೆ. ಹೊರಡುವಾಗ ಇದನ್ನು ಬಿಡಿಸಿ ಹೇಳಿ ಬಂದಿದ್ದೆ.

ವಾರ ಕಳೆಯುವುದರೊಳಗೆ ಬಾ ಅಂತ ಹೇಳಿ ಕಳಿಸಿದರು. ಹೋಗಿ ನೋಡಿದರೆ ಮನೆಯಲ್ಲಿ ಒಂದು ಕಿಟಕಿಯೂ ತೆರೆದಿಲ್ಲ. ಸಂದಿಗಳಿಗೆಲ್ಲ ಹಳೇ ಗೋಣಿಚೀಲ ತುರುಕಿದ್ದಾರೆ. ಗೋಡೆ ಬೆವರುತ್ತಿದೆ. ಹಪ್ಪಳ ಮಡಚಿದರೆ ಮಡಚಿಕೊಳ್ಳುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ. ದೇವರ ಮನೆಯಲ್ಲಿ ವಿಭೂತಿ ಗಟ್ಟಿ ಕರಗಿ ಸುಣ್ಣದ ಹಾಗೆ ಕೂತಿದೆ. ಅವರ ತಾಯಿ ಅದನ್ನು ತೋರಿಸಿ ನನ್ನನ್ನು ನಾಸ್ತಿಕ ಅಂದರು. ನಾಸ್ತಿಕನೇ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ.

ಕಿಟಕಿ ತೆಗೀರಿ ಅಂದೆ. ಮಂಡಿಯವರು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು.

"ಲೋ, ಕಾಸು ಕೊಟ್ಟು ತಂದಿರೋ ಗಾಳಿ ಕಣಪ್ಪ ಇದು. ಬೀದಿಗೆ ಬಿಟ್ಬುಡು ಅಂತೀಯಲ್ಲ, ನಿಂದೇನು ಹೋಯ್ತದೆ?"

ಗಾಳಿ ಕಡಲೆಕಾಯಿ ಅಲ್ಲ, ಮೂಟೆ ಕಟ್ಟಿ ಇಡುವುದಕ್ಕೆ ಬರುವುದಿಲ್ಲ ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಕೊನೆಗೆ ಹೇಳುವುದು ಬಿಟ್ಟು ನಾನೇ ಗೋಣಿಚೀಲ ಕಿತ್ತೆಸೆದು ಬೀದಿ ಕಡೆಯ ಕಿಟಕಿ ತೆರೆದೆ. ಮನೆ ಒಂದೇ ಸಲಕ್ಕೆ ಉಸಿರು ಬಿಟ್ಟಿತು. ಅವರ ತಾಯಿ ಮಾತು ನಿಲ್ಲಿಸಿ ಸೆರಗಿನಿಂದ ಕತ್ತು ಒರೆಸಿಕೊಂಡು ಕಣ್ಣು ಮುಚ್ಚಿದರು.

ಕಲ್ಯಾಣದುರ್ಗದ ಬಿಸಿಲು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಆ ಕಿಟಕಿಯ ಕೆಳಗೆ ತಣ್ಣನೆ ಗಾಳಿ ಸುರಿಯುತ್ತಿದೆ ಅನ್ನುವ ಸುದ್ದಿ ಬೀದಿಗೆಲ್ಲ ಹರಡಿತು. ಮೊದಲು ಒಬ್ಬ ಅಜ್ಜ ಬಂದು ಗೋಡೆಗೆ ಒರಗಿದ. ಆಮೇಲೆ ಹೂ ಕಟ್ಟುವವಳು ಬುಟ್ಟಿ ತಂದಳು, ಒಬ್ಬಾಕೆ ಹಸುಗೂಸನ್ನು ತಂದು ಮಲಗಿಸಿದಳು. ಅಜ್ಜ ಕಿಟಕಿಗೆ ಮುಖವಿಟ್ಟು, ನಾಳೆಯೂ ತೆಗೆದಿರುತ್ತೀಯ ತಾನೆ ಅಂತ ಕೇಳಿದ: "ಏಮಯ್ಯಾ, ರೇಪು ಕೂಡಾ ತೆರುಸ್ತಾವಾ?"

ಮಂಡಿಯವರಿಗೆ ಹೊಟ್ಟೆ ಉರಿದುಹೋಯಿತು. ತಮ್ಮ ಗಾಳಿ ಎಷ್ಟು ಆಚೆ ಹೋಗುತ್ತಿದೆ ನೋಡೋಣ ಅಂತ ಬೀದಿಗೆ ಇಳಿದು ಕಿಟಕಿಯ ಕೆಳಗೆ ನಿಂತರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಜ್ಜನಿಗೆ ಆ ಕಡೆ ಸರಿ ಅಂದರು. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ಅವರ ಆರಾಮ ಕುರ್ಚಿ ಕಂಡೆ. ಕಾಸು ಕೊಟ್ಟ ಗಾಳಿಯನ್ನು ವಸೂಲು ಮಾಡಲು ಅವರು ದಿನವೂ ಬೀದಿಯಲ್ಲಿ ಕೂರುತ್ತಿದ್ದರು.

೨. ವಾಯುಮೂಲೆ

ಬಾಮೈದನ ಮನೆಯ ಗಾಳಿ ಕುಡಿದು ಬಂದ ನಮ್ಮ ಸಾಹುಕಾರರಿಗೂ ಡಕ್ಟು ಬೇಕಾಯಿತು. ನನ್ನನ್ನೇ ಕರೆದರು. ನಾನು ಒಳಗೊಳಗೇ ಕುಣಿದೆ. ಅವರ ಮಲಗುವ ಕೋಣೆಗೆ ಬರುವ ಕೊಳವೆಯ ತುದಿಗೂ ಅತ್ತಿಗೆಯ ಮಗ್ಗದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಂದು ತೂತು, ಒಂದು ಬಾಯಿ, ಅಷ್ಟೇ. ಮೊದಲ ದಿನವೇ ಬಾಯಿಬಿಟ್ಟು ಕೇಳಿದೆ. ಸಾಹುಕಾರರು, ಒದ್ದೆ ಗಾಳಿಗೆ ಜರಿ ಕಪ್ಪಾಗುತ್ತದೆ ಅಂದರು. ಜರಿ ಕಪ್ಪಾಗುತ್ತದೋ ಇಲ್ಲವೋ, ಅದನ್ನು ನೇಯುವವರ ಮುಖ ಕಪ್ಪಾಗಿದೆ ಅಂದೆ. ನೋಡೋಣ ಅಂದರು. ನಮ್ಮ ಕಡೆ ನೋಡೋಣ ಅಂದರೆ ಇಲ್ಲ ಅಂತ ಅರ್ಥ. ನಾನು ಅದನ್ನು ಹೂಂ ಅಂದುಕೊಂಡೆ.

ಡಕ್ಟಿನ ಕೆಲಸದಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಕೊಳವೆ ಅಗಲವಾಗಿರಬೇಕು, ಆದಷ್ಟು ನೆಟ್ಟಗೆ ಹೋಗಬೇಕು, ಬಾಗು ಕಡಿಮೆ ಇರಬೇಕು, ತಗಡು ಕೂಡುವಲ್ಲಿ ಸಂದಿಗೆ ಲಪ್ಪಂ ಮೆತ್ತಿ ಮುಚ್ಚಬೇಕು. ಸಂದಿ ಸೋರುತ್ತದೆಯೋ ಇಲ್ಲವೋ ನೋಡುವ ಉಪಾಯ ನನಗೆ ಅತ್ತಿಗೆ ಹೇಳಿಕೊಟ್ಟದ್ದು. ಒಂದು ರೇಷ್ಮೆ ಎಳೆಯನ್ನು ಬೆರಳಿನಲ್ಲಿ ಹಿಡಿದು ಸಂದಿಯ ಮುಂದೆ ಇಳಿಬಿಡಬೇಕು. ಎಳೆ ಅಲುಗಾಡಿದರೆ ಗಾಳಿ ಇದೆ, ನೆಟ್ಟಗೆ ನಿಂತರೆ ಇಲ್ಲ. ನನ್ನ ಜೇಬಿನಲ್ಲಿ ಯಾವಾಗಲೂ ಅವಳ ಮಗ್ಗದ ಒಂದು ಎಳೆ ಇರುತ್ತಿತ್ತು.

ಪೆಟ್ಟಿಗೆಯನ್ನು ಕೋಣೆಯ ನೆತ್ತಿಯ ಮೇಲೇ ಕೂರಿಸೋಣ ಅಂತ ನಾನು ಗೆರೆ ಎಳೆಯುವಷ್ಟರಲ್ಲಿ ವಾಸ್ತು ಹೇಳುವವರು ಬಂದರು. ಗಾಳಿಗೆ ವಾಯುಮೂಲೆಯೇ ಆಗಬೇಕು, ಪೆಟ್ಟಿಗೆ ಅಲ್ಲೇ ಕೂರಬೇಕು ಅಂದರು. ಅದು ಮನೆಯ ಇನ್ನೊಂದು ತುದಿ. ಅಲ್ಲಿಂದ ನೆಟ್ಟಗೆ ತರೋಣವೆಂದರೆ ಕೊಳವೆ ದೇವರ ಮನೆಯ ಮೇಲೆ ಹಾಯಬಾರದು. ಸುತ್ತಿ ಬರೋಣವೆಂದರೆ ತಿಜೋರಿಯ ಮೇಲೆ ಹಾಯಬಾರದು. ವಾಯುಮೂಲೆಯ ಪಕ್ಕದ ಮಾಳಿಗೆಯಲ್ಲಿ ನೆರೆಮನೆಯವರು ಬೇಸಿಗೆಯಿಡೀ ಮೆಣಸಿನಕಾಯಿ ಒಣಗಿಸುತ್ತಾರೆ, ಅದೂ ಬೇಡ ಅಂತ ನಾನು ಕೂಗಿಕೊಂಡೆ. ಸಾಹುಕಾರರು, "ಗಾಳಿಗೆ ಅದ್ರ ಮನೆ ಯಾವ್ದು ಅಂತ ಅದಕ್ಕೆ ಗೊತ್ತಿಲ್ವೇನಪ್ಪ, ನೀನು ಹೇಳಿಕೊಡ್ತೀಯಾ?" ಅಂದರು.

ಕೊಳವೆ ಹೊರಟಿತು. ಇಲ್ಲಿ ಬಾಗಿ, ಅಲ್ಲಿ ತಿರುಗಿ, ಎದ್ದು, ಇಳಿದು, ಅಂಗಳವನ್ನು ಪ್ರದಕ್ಷಿಣೆ ಹಾಕಿ, ನಡುಮನೆಗೊಂದು ಬಾಯಿ ಬಿಟ್ಟು ಮಲಗುವ ಕೋಣೆ ಮುಟ್ಟಿತು. ಪ್ರತಿ ಬಾಗಿನಲ್ಲೂ ಗಾಳಿ ತನ್ನ ಕಸುವನ್ನು ಅಲ್ಲಲ್ಲೇ ಇಟ್ಟು ಬಂದಿತ್ತು. ಕೋಣೆಯಲ್ಲಿ ನನ್ನ ಎಳೆ ಹಿಡಿದರೆ, ಕಾಯಿಲೆಯವರು ತಲೆ ಆಡಿಸಿದ ಹಾಗೆ ಒಂದು ಸಲ ಆಡಿತು. ಅಲ್ಲೇ ಇಷ್ಟಾದರೆ ಮಗ್ಗದ ಮನೆಯ ಮಾತೆಲ್ಲಿ.

ಇಡೀ ಮನೆಯಲ್ಲಿ ಗಾಳಿ ಬಿರುಸಾಗಿ ಬೀಸಿದ್ದು ಪೆಟ್ಟಿಗೆಯ ಕೆಳಗೇ ಇದ್ದ ಮೊದಲ ಬಾಯಿಯಲ್ಲಿ. ವಾಯುಮೂಲೆಯಲ್ಲಿ ಅವರು ಕಟ್ಟಿಸಿದ್ದು ಕಕ್ಕಸು. ಬೇಸಿಗೆ ಮುಗಿಯುವವರೆಗೂ ಸಾಹುಕಾರರು ಪೇಪರು ಓದಿದ್ದು, ಲೆಕ್ಕ ನೋಡಿದ್ದು, ಮಧ್ಯಾಹ್ನದ ಜೊಂಪು ತೆಗೆದದ್ದು ಎಲ್ಲ ಅಲ್ಲೇ. ಕಾಣಲು ಬಂದವರು ಬಾಗಿಲಾಚೆ ನಿಂತು ವ್ಯಾಪಾರ ಮಾತಾಡಿ ಹೋಗುತ್ತಿದ್ದರು.

೩. ಹೆಣ್ಣು ನೋಡಿದ ದಿನ

ಸಾಹುಕಾರರ ಮಗಳನ್ನು ನೋಡಲು ಕಲ್ಯಾಣದುರ್ಗದ ಕಡೆಯವರು ಬಂದರು. ನಡುಮನೆಯಲ್ಲಿ ಜಮಖಾನ ಹಾಸಿ, ತಣ್ಣಗಿರಲಿ ಅಂತ ಕೂಲರ್ ಹಾಕಿದರು. ಎಲ್ಲಿಯಾದರೂ ನಿಂತುಬಿಟ್ಟರೆ ಕಷ್ಟ ಅಂತ ನನ್ನನ್ನು ಮಾಳಿಗೆಯ ಮೆಟ್ಟಿಲ ಬಳಿ ಕೂರಿಸಿದ್ದರು. ಅಲ್ಲಿಂದ ನಡುಮನೆ ಚೆನ್ನಾಗಿ ಕಾಣುತ್ತಿತ್ತು.

ಹುಡುಗಿ ಬಂದು ನಮಸ್ಕಾರ ಮಾಡಿ ಕೂತಳು. ಗಂಡಿನ ಸೋದರಮಾವ ಗಂಟಲು ಸರಿಮಾಡಿಕೊಂಡು ಮಾತೆತ್ತಿದರು. ಸರಿಯಾಗಿ ಅದೇ ಹೊತ್ತಿಗೆ ನೆರೆಮನೆಯವರು ಮಾಳಿಗೆಯಲ್ಲಿ ಒಣಗಿದ ಮೆಣಸಿನಕಾಯಿಯನ್ನು ಒನಕೆಯಲ್ಲಿ ಕುಟ್ಟಲು ಶುರುಮಾಡಿದರು. ನಮ್ಮ ಪೆಟ್ಟಿಗೆ ತನ್ನ ಕೆಲಸ ತಾನು ಮಾಡಿತು. ಇದ್ದಬದ್ದ ಘಾಟನ್ನೆಲ್ಲ ಎಳೆದು, ಮಟ್ಟಸವಾಗಿ ತಣ್ಣಗೆ ಮಾಡಿ, ನಡುಮನೆಗೆ ಇಳಿಸಿತು.

ಮೊದಲು ಸೀನಿದವರು ಸೋದರಮಾವ. ಶುಭ ಮಾತಿಗೆ ಒಂಟಿ ಸೀನು. ಎಲ್ಲರ ಮುಖ ಬಾಡಿತು. ಸಾಹುಕಾರರ ತಾಯಿ, "ಇನ್ನೊಂದು ಸೀನ್ಬುಡಿ ಸ್ವಾಮಿ, ಜೋಡಿ ಆಗ್ಲಿ" ಅಂತ ಬೇಡಿಕೊಂಡರು. ಅವರು ಎರಡನೆಯದು ಸೀನಿದರು, ಎಲ್ಲರೂ ಸಮಾಧಾನದ ಉಸಿರು ಎಳೆದುಕೊಂಡರು. ಎಳೆದುಕೊಂಡದ್ದೇ ತಪ್ಪಾಯಿತು. ಆಮೇಲೆ ಯಾರು ಎಷ್ಟು ಸೀನಿದರು, ಒಂಟಿಯೋ ಜೋಡಿಯೋ, ಲೆಕ್ಕ ಇಡುವವರೂ ಸೀನುತ್ತಿದ್ದರು. ಹುಡುಗಿಯ ಕಣ್ಣಲ್ಲಿ ದಳದಳ ನೀರು. ಸಾಹುಕಾರರು ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಾರೆ. ಅವರ ತಾಯಿ ಕಂಬ ಹಿಡಿದುಕೊಂಡು ಕಣ್ಣೀರು ಸುರಿಸುತ್ತಿದ್ದಾರೆ. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ.

ಗಂಡಿನ ತಾಯಿಗೆ ಸ್ವಲ್ಪ ಕಿವಿ ಮಂದ, ನೆಗಡಿಯಾಗಿ ಮೂಗೂ ಕಟ್ಟಿತ್ತು. ಆಕೆಗೆ ಒನಕೆಯ ಸದ್ದೂ ಕೇಳಿಸಲಿಲ್ಲ, ಘಾಟೂ ಹತ್ತಲಿಲ್ಲ. ಸುತ್ತ ನೋಡಿದರೆ ಎಲ್ಲರೂ ಅಳುತ್ತಿದ್ದಾರೆ. ಆಕೆಯ ಕಣ್ಣೂ ತುಂಬಿಬಂತು. ಹೆಣ್ಣು ಕೊಡುವ ಮಾತೆತ್ತಿದ ಮಾತ್ರಕ್ಕೆ ಮನೆಮಂದಿಯೆಲ್ಲ ಹೀಗೆ ಅತ್ತುಬಿಟ್ಟರಲ್ಲ, ಎಂಥ ಮೆತ್ತನೆ ಮನಸ್ಸಿನ ಜನ, ಈ ಮನೆ ಹೆಣ್ಣೇ ನಮಗೆ ಬೇಕು ಅಂತ ಅಲ್ಲೇ ಹೂ ಮುಡಿಸಿಬಿಟ್ಟರು.

ಅವರನ್ನು ಬಸ್ಸು ಹತ್ತಿಸಿ ಬಂದ ಸಾಹುಕಾರರು ಸೀದಾ ನನ್ನ ಹತ್ತಿರ ಬಂದರು. ಕಣ್ಣು ಇನ್ನೂ ಕೆಂಡವಾಗಿತ್ತು. ಮೆಣಸಿನಕಾಯಿಯ ಮಾತು ನಾನು ಮೊದಲೇ ಹೇಳಿದ್ದೆ ಅಂದೆ. ಹೇಳಿದ್ದೇ ದೊಡ್ಡ ತಪ್ಪಾಯಿತು. ಇನ್ನು ಮೇಲೆ ನಮ್ಮ ಮಾಳಿಗೆ ಹತ್ತಿದರೆ ಕಾಲು ಮುರಿಸುತ್ತೇನೆ ಅಂದರು. ಆ ಮನೆಯ ಮದುವೆ ಕುದುರಿಸಿದ್ದು ನನ್ನ ಡಕ್ಟು, ಆ ಮನೆಯಲ್ಲಿ ಕೆಲಸ ಹೋದದ್ದು ನನ್ನದು.

ನನಗೆ ಕೆಲಸ ಹೋದ ಸಂಕಟವಿರಲಿಲ್ಲ. ಅತ್ತಿಗೆಯ ಗಾಳಿಬಾಯಿ ಕೈತಪ್ಪಿತಲ್ಲ, ಸಂಕಟ ಅದಕ್ಕೆ.

೪. ನಿದ್ದೆಗೆ ಜಯವಾಗಲಿ

ನನ್ನ ಬದಲು ಬೆಂಗಳೂರಿನಿಂದ ಒಬ್ಬ ಫಿಟ್ಟರ್ ಬಂದ. ನಾನು ಕನ್ನಡದಲ್ಲಿ ತೆಲುಗಿನಲ್ಲಿ ಕೂಗಿ ಹೇಳಿದ್ದನ್ನೇ ಅವನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. ವಾಸ್ತು ಹೇಳುವವರು ಬಾಯಿ ಬಿಡಲಿಲ್ಲ. ಪೆಟ್ಟಿಗೆ ಜಾಗ ಬಿಟ್ಟು ಮನೆಯ ನಡುವೆ ಬಂತು, ಬಾಗುಗಳೆಲ್ಲ ಹೋದವು, ನಡುಮನೆಗೂ ಮಲಗುವ ಕೋಣೆಗೂ ಗಾಳಿ ಧಾರಾಳವಾಗಿ ಬೀಸಿತು. ಮಗ್ಗದ ಮನೆಯಲ್ಲಿ ಸಿಮೆಂಟು ಶೀಟು ಹಾಗೇ ಕಾಯುತ್ತಿತ್ತು. ಗೋಡೆಯಾಚೆ ಕೂಲರಿನ ಗುಂಯ್ ಅನ್ನುವ ಸದ್ದು ಮಾತ್ರ ಅವರ ಪಾಲಿಗೆ.

ಮುಂದಿನ ಬೇಸಿಗೆಗೆ ನಾನು ಮಗ್ಗದವರನ್ನೆಲ್ಲ ಎಬ್ಬಿಸಿದೆ. ಬೇಡಿಕೆ ಒಂದೇ, ಒಂದು ಗಾಳಿಬಾಯಿ. ಮಟಮಟ ಮಧ್ಯಾಹ್ನ ಲಾಳಿ ಕೆಳಗಿಟ್ಟು ಎಲ್ಲರೂ ಮುಂಬಾಗಿಲಿಗೆ ಬಂದರು. ಅತ್ತಿಗೆ, ನನ್ನ ಕಾರಣಕ್ಕೆ ಗಲಾಟೆ ಬೇಡ ಕಣಪ್ಪ ಅನ್ನುತ್ತಲೇ ಕಡೆಯಲ್ಲಿ ಬಂದಳು. ನಾನು ಕಟ್ಟೆ ಹತ್ತಿ ಧಿಕ್ಕಾರ ಕೂಗಿದೆ. ಬಿಸಿಲಿಗೆ ನನ್ನ ಧ್ವನಿಯೇ ಬೆವರಿತು.

ಸಾಹುಕಾರರು ಬಾಗಿಲು ತೆಗೆದು, "ಬಿಸಿಲಾಗ್ಯಾಕೆ ಸಾಯ್ತೀರಾ, ಒಳೀಕೆ ಬನ್ನಿ, ಕೂತು ಮಾತಾಡಾನ" ಅಂದರು. ಇದು ನಮ್ಮ ಮೊದಲ ಗೆಲುವು ಅಂದುಕೊಂಡೆ. ನಡುಮನೆಯ ಜಮಖಾನದ ಮೇಲೆ ಎಲ್ಲರನ್ನೂ ಕೂರಿಸಿ, ಎದ್ದು ನಿಂತು ಭಾಷಣ ಶುರು ಮಾಡಿದೆ. ನಾವು ನೇಯ್ದ ಸೀರೆಗೆ ನೆರಳಿದೆ, ನೇಯುವ ನಮಗಿಲ್ಲ ಅಂದೆ. ಹಿಂದಿನಿಂದ ಹೂಂ ಅಂತ ಒಂದು ಧ್ವನಿ ಬಂತು. ಗಾಳಿ ಯಾರಪ್ಪನ ಸ್ವತ್ತೂ ಅಲ್ಲ ಅಂದೆ. ಈ ಸಲ ಹೂಂ ಸ್ವಲ್ಪ ಉದ್ದವಾಗಿ ಬಂತು. ಅದು ಹೂಂಗುಟ್ಟುವ ಸದ್ದಲ್ಲ, ಗೊರಕೆ ಅಂತ ತಿರುಗಿ ನೋಡಿದ ಮೇಲೆ ತಿಳಿಯಿತು.

ಜನ್ಮದಲ್ಲಿ ಅಂಥ ಗಾಳಿಗೆ ಮೈಯೊಡ್ಡಿದವರಲ್ಲ. ಒಬ್ಬರ ಭುಜಕ್ಕೆ ಒಬ್ಬರು ಒರಗಿ, ಬಾಯಿ ತೆರೆದು, ನನ್ನ ಚಳುವಳಿಯೆಲ್ಲ ಮಲಗಿಬಿಟ್ಟಿತ್ತು. ಧಿಕ್ಕಾರದ ಬೋರ್ಡು ಹಿಡಿದವನು ಅದನ್ನೇ ಹೊದ್ದುಕೊಂಡಿದ್ದ. ಹೊಸ್ತಿಲ ಬಳಿ ಕೂತಿದ್ದ ಅತ್ತಿಗೆಯೂ ಬಾಗಿಲ ಚೌಕಟ್ಟಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಣೆಯ ಗಂಟು ಬಿಟ್ಟುಹೋಗಿ, ನಾನು ಚಿಕ್ಕವನಾಗಿದ್ದಾಗ ಇದ್ದ ಹಾಗೆ ಕಾಣುತ್ತಿದ್ದಳು. ಎಬ್ಬಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಅಷ್ಟು ಜನರ ನಡುವೆ ಎಚ್ಚರವಾಗಿದ್ದವರು ನಾನು ಮತ್ತು ಸಾಹುಕಾರರು. ನಾನು ಎತ್ತಿದ ಮುಷ್ಟಿ ಮೇಲೇ ಇತ್ತು. ಅವರು ಬಾಯಿಗೆ ಅಡಿಕೆ ಹಾಕಿಕೊಂಡು, ಬಹಳ ಮೆತ್ತಗೆ ಅಂದರು: "ಮೆಲ್ಲಗೆ ಕೂಗಪ್ಪ, ನಿನ್ನ ಜನ ಎದ್ದುಬುಟ್ಟಾರು."

೫. ಅಮಾವಾಸ್ಯೆಯಲ್ಲಿ ಬಂದ ಬಾಯಿ

ಆ ನಿದ್ದೆ ನೋಡಿ ಸಾಹುಕಾರರ ಮನಸ್ಸು ಕರಗಿತೋ, ಇವರೆಲ್ಲ ದಿನಾ ಬಂದು ಜಮಖಾನದ ಮೇಲೆ ಮಲಗಿಬಿಟ್ಟಾರೆಂದು ಹೆದರಿಕೆಯಾಯಿತೋ, ಮಗ್ಗದ ಮನೆಗೆ ಗಾಳಿಬಾಯಿ ಹಾಕಿಸುತ್ತೇನೆ ಅಂದರು. ನಮ್ಮವರು ಅಮಾವಾಸ್ಯೆಯಲ್ಲಿ ಮಗ್ಗ ಮುಟ್ಟುವುದಿಲ್ಲ. ಯಾರೂ ಇಲ್ಲದ ಆ ದಿನವೇ ಬೆಂಗಳೂರಿನ ಫಿಟ್ಟರ್ ಬಂದು ಕೆಲಸ ಮುಗಿಸಿ ಹೋದ.

ಮಾರನೆಯ ದಿನ ನೋಡಿದರೆ ಗೋಡೆಯ ಎತ್ತರದಲ್ಲಿ ಬೆಳ್ಳಿ ಬಣ್ಣ ಹೊಡೆದ ಚೌಕನೆಯ ಬಾಯಿ, ಓರೆ ಪಟ್ಟಿಗಳು, ನಾಲ್ಕು ಮೂಲೆಗೂ ಸ್ಕ್ರೂ. ಗೋಡೆಯಾಚೆ ಕೂಲರಿನ ಗುಂಯ್. ಹೊಸದೇನು ಬಂದರೂ ಪೂಜೆಯಾಗದೆ ಮುಟ್ಟುವ ಜನವಲ್ಲ ನಮ್ಮದು. ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಚೆಂಡುಹೂವಿನ ದಪ್ಪ ಹಾರವನ್ನು ಬಾಯಿಗೆ ಅಡ್ಡಲಾಗಿ ಇಳಿಬಿಟ್ಟರು. ನಾಸ್ತಿಕನಾದ ನಾನೂ ಕರ್ಪೂರ ಬೆಳಗಿದೆ. ಆಮೇಲೆ ಅದರ ಕೆಳಗೆ ನಿಂತು, ಇವತ್ತಿನಿಂದ ಗಾಳಿಯೂ ನಮ್ಮದು ಅಂತ ಎದೆ ಬಿರಿಯುವ ಹಾಗೆ ಭಾಷಣ ಮಾಡಿದೆ. ಬೆವರಿದ ಬೆನ್ನಿಗೆ ತಣ್ಣಗೆ ತಾಗಿದ ಹಾಗಾಯಿತು. ಗಾಳಿ ಸ್ವಲ್ಪ ಮಂದವಾಗಿದೆ ಅನ್ನಿಸಿದಾಗ, ಹಾರ ಅಡ್ಡ ಬಂದಿದೆ ಅಂದುಕೊಂಡೆ. ಜೇಬಿನಲ್ಲಿದ್ದ ರೇಷ್ಮೆ ಎಳೆ ನೆನಪಿಗೇ ಬರಲಿಲ್ಲ. ಅವತ್ತು ಅದು ಯಾಕೆ ಬರಲಿಲ್ಲ ಅಂತ ಈಗಲೂ ಯೋಚಿಸುತ್ತೇನೆ.

ಆ ಬೇಸಿಗೆ ಅತ್ತಿಗೆ ಬೀಳಲಿಲ್ಲ. ಯಾರನ್ನು ಕೇಳಿದರೂ ಗಾಳಿ ಸೊಗಸಾಗಿ ಬರುತ್ತದೆ ಅಂದರು. ಮುಖ ನೋಡಿದರೂ ಹಾಗೇ ಕಾಣುತ್ತಿತ್ತು. ನಾನು ಆ ಗೆಲುವನ್ನು ಸೋಮಂದೇಪಲ್ಲಿ, ರೊದ್ದಂವರೆಗೂ ಹೊತ್ತುಕೊಂಡು ಹೋಗಿ, ಹೋದಲ್ಲೆಲ್ಲ ಮಗ್ಗದವರಿಗೆ ಹೇಳಿ ಬಂದೆ.

ವರ್ಷ ತಿರುಗಿತು. ಬಿಸಿಲು ಏರುವ ಮೊದಲು ಬಾಯಿ ಬಿಚ್ಚಿ ಧೂಳು ಒರೆಸಿಕೊಡೋಣ ಅಂತ ಒಂದು ಅಮಾವಾಸ್ಯೆಯ ಬೆಳಿಗ್ಗೆ ಏಣಿ, ಸ್ಕ್ರೂಡ್ರೈವರ್ ತಂದೆ. ಮಗ್ಗದ ಮನೆ ಖಾಲಿ. ಅತ್ತಿಗೆ ಮಾತ್ರ ಕಸ ಗುಡಿಸುತ್ತಿದ್ದಳು. ಅದರ ಪಾಡಿಗೆ ಅದು ಇರಲಿ ಬಿಡಪ್ಪ ಅಂದಳು. ನಿನಗೆ ಗೊತ್ತಾಗಲ್ಲ ಸುಮ್ಮನಿರು ಅಂತ ಏಣಿ ಹತ್ತಿ ಸ್ಕ್ರೂ ಬಿಚ್ಚಿ ಬಾಯಿಯನ್ನು ಕೈಗೆ ತೆಗೆದುಕೊಂಡೆ.

ಹಿಂದೆ ಗೋಡೆ ಇತ್ತು. ತೂತಿಲ್ಲ, ಕೊಳವೆಯಿಲ್ಲ. ಸುಣ್ಣ ಬಳಿದ ಗೋಡೆ, ಅದರ ಮೇಲೊಂದು ಹಲ್ಲಿ. ಬಾಯಿಯೊಳಗಿನಿಂದ ಕಳೆದ ವರ್ಷದ ಚೆಂಡುಹೂವಿನ ಒಣ ಎಸಳುಗಳು ನನ್ನ ತಲೆಯ ಮೇಲೆ ಉದುರಿದವು.

"ಅತ್ತಿಗಮ್ಮ, ಇದ್ರ ಹಿಂದೆ ಗೋಡೆ ಐತೆ."

"ಐತೆ ಕಣಪ್ಪ."

"ಗೊತ್ತಿತ್ತಾ ನಿಂಗೆ?"

ಅವಳು ಪೊರಕೆ ಗೋಡೆಗೆ ಒರಗಿಸಿದಳು. "ಮೊದಲ್ನೇ ದಿನಾನೇ. ಭಾಷಣ ಮುಗ್ಸಿ ನೀನು ಆಚೆ ಹೋದೆ ನೋಡು, ಒಂದು ಎಳೆ ಹಿಡ್ದೆ. ಬಾವಿಗೆ ಬಿಟ್ಟ ಹಗ್ಗದಂಗೆ ನೆಟ್ಟಗೆ ನಿಂತ್ಕಂಡ್ತು."

"ಉಳಿದೋರಿಗೆ?"

"ಎಲ್ಲಾರ ಕೈಯಾಗೂ ಎಳೆ ಇರ್ತದಲ್ಲಪ್ಪ."

ಒಂದು ವರ್ಷ, ಊರೂರು, ಗಾಳಿಯೂ ನಮ್ಮದು. ಅದೆಲ್ಲ ಒಟ್ಟಿಗೆ ತಲೆಗೆ ಬಂತು. ಗಾಳಿ ಸೊಗಸಾಗಿ ಬರುತ್ತದೆ ಅಂತ ಯಾಕೆ ಸುಳ್ಳು ಹೇಳಿದಿರಿ ಅಂತ ಗುಡುಗಿದೆ.

"ಸುಳ್ಳಲ್ಲ ಕಣಪ್ಪ, ಬತ್ತಾನೇ ಐತೆ," ಅಂತ ಹಿತ್ತಲ ಬಾಗಿಲ ಕಡೆ ಗದ್ದ ತೋರಿಸಿದಳು. ಅಗಳಿ ತೆಗೆದು ಪಕ್ಕಕ್ಕಿಟ್ಟಿತ್ತು. ಅದರ ಮೇಲೆ ಧೂಳು ಕೂತಿತ್ತು.

ಆಮೇಲೆ ನಿಧಾನವಾಗಿ ಹೇಳಿದಳು. ಬಾಯಿ ಬಿಗಿದ ದಿನದಿಂದ ಸಾಹುಕಾರರು ಮಧ್ಯಾಹ್ನ ಮಗ್ಗದ ಮನೆಗೆ ತಲೆಯೇ ಹಾಕಿಲ್ಲ. ಬಂದರೆ ಯಾರಾದರೂ ಗಾಳಿ ಎಲ್ಲಿ ಅಂತ ಕೇಳಿಬಿಟ್ಟಾರು ಅನ್ನುವ ಅಳುಕು. ಅವರು ಬಾರದೇ ಹೋದ ಮೇಲೆ ಇವರು ಅಗಳಿ ತೆಗೆದರು. ಹುಣಸೆ ಮರದ ನೆರಳಿನ ಗಾಳಿ ದಿನವೂ ಒಳಗೆ ಬರುತ್ತದೆ. ಉಂಡ ಮೇಲೆ ಎಲ್ಲರೂ ಬಾಗಿಲಿಗೆ ತಲೆ ಕೊಟ್ಟು ಒಂದು ಗಳಿಗೆ ಒರಗುತ್ತಾರೆ. ನೂಲು ನಡೆ ಕಲಿತು ಎಲ್ಲಿಗೂ ಹೋಗಿಲ್ಲ.

ನನಗಾದರೂ ಹೇಳಬಹುದಿತ್ತಲ್ಲ ಅಂದೆ. ಅವತ್ತು ನೀನು ಎಂದೂ ಇಲ್ಲದ ಹಾಗೆ ಯಾರನ್ನೂ ಬಯ್ಯದೆ ಹೊಟ್ಟೆ ತುಂಬ ಉಂಡೆ, ಹೇಳೋಕೆ ಬಾಯಿ ಬರಲಿಲ್ಲ ಅಂದಳು.

ಅದನ್ನು ಕೇಳಿದ ಮೇಲೂ ನಾನು ಏಣಿಯಿಂದ ಧುಮುಕಿದೆ. ಈ ತಗಡನ್ನು ಸರ್ಕಲ್ಲಿನಲ್ಲಿ ನೇತುಹಾಕುತ್ತೇನೆ, ಅವರ ಮಾನ ಹರಾಜು ಹಾಕಿ ನಿಜವಾದ ತೂತು ಕೊರೆಸುತ್ತೇನೆ ಅಂತ ಬಾಗಿಲಿಗೆ ನಡೆದೆ.

"ಕೊರೆಸ್ತಾರೆ ಬಿಡು," ಅಂದಳು ಅತ್ತಿಗೆ. "ಆಮೇಲೆ ಅವ್ರಿಗೆ ಅಳುಕು ಇನ್ನೆಲ್ಲೈತೆ? ದಿನಾ ಮಧ್ಯಾಹ್ನ ಬಂದು, ಅಗಳಿ ಹಾಕ್ಸಿ, ಈ ಗಾಳಿ ಕೆಳಗೆ ಕುರ್ಚಿ ಹಾಕ್ಕಂಡು ಕೂತ್ಕಂತಾರೆ. ಆವಯ್ಯನಿಗೆ ಗಾಳಿ ಅಂದ್ರೆ ಎಂಗೆ ಅಂತ ನಿಂಗೆ ಗೊತ್ತಿಲ್ವಾ? ಕಕ್ಕಸನ್ನೂ ಬಿಟ್ಟೋರಲ್ಲ."

ನಾನು ನಿಂತೆ. ಕೂಗಲು ಬಾಯಿ ತೆರೆದು ಕೂಗದೇ ಮುಚ್ಚಿದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

"ತಿರುಗಿ ಬಿಗಿದ್ಬುಡಪ್ಪ," ಅಂದಳು. "ಆ ಫಿಟ್ಟರು ಸರಿಯಾಗಿ ಬಿಗಿದಿರ್ಲಿಲ್ಲ. ಒಂದು ಮೂಲೆ ಜೋತುಬಿದ್ದಿತ್ತು. ಯಾವತ್ತಾದ್ರೂ ಬಿದ್ದು ಗೋಡೆ ಕಂಡ್ಬುಟ್ರೆ ಅಂತ ನಮಗೆಲ್ಲಾ ಜೀವ ಕೈಲಿತ್ತು."

ಬಿಗಿದೆ. ಮಟ್ಟ ನೋಡಿ ಬಿಗಿದೆ. ಸಡಿಲ ಸ್ಕ್ರೂ ಎಸೆದು ಹೊಸದು ಹಾಕಿದೆ, ಸುತ್ತ ಸಂದಿಗೆ ಲಪ್ಪಂ ತುಂಬಿದೆ, ಅಂಚಿಗೆ ಬೆಳ್ಳಿ ಬಣ್ಣ ಎಳೆದೆ. ಯಾವ ಸಾಹುಕಾರನ ಮಾಳಿಗೆಯಲ್ಲೂ ನಾನು ಅಷ್ಟು ಚೊಕ್ಕ ಕೆಲಸ ಮಾಡಿದವನಲ್ಲ. ಮುಂದೆ ನಾನು ಎಷ್ಟೋ ಮನೆಗಳಿಗೆ ಬಾಯಿ ಬಿಗಿದೆ. ಒಂದು ಸೋರಿತು, ಒಂದು ಕಿರುಗುಟ್ಟಿತು, ಒಂದರಿಂದ ನೀರೇ ಬಂತು. ಮಗ್ಗದ ಮನೆಯದು ಮಾತ್ರ ಅತ್ತಿಗೆ ಇರುವವರೆಗೂ ಒಂದು ದೂರಿಲ್ಲದೆ ಕೆಲಸ ಮಾಡಿತು. ಈಗ ಅತ್ತಿಗೆಯೂ ಇಲ್ಲ, ಆ ಮಗ್ಗದ ಮನೆಯೂ ಇಲ್ಲ. ಅವಳ ತಲೆಯ ಮೇಲೆ ಒಂದು ನಿಜವಾದ ಗಾಳಿ ಬೀಸಿಸಲು ಆಗಲಿಲ್ಲವಲ್ಲ ಅನ್ನುವುದು ಮಾತ್ರ ಉಳಿದಿದೆ.

ಅವತ್ತು ಏಣಿ ಇಳಿದು ಕೈ ಒರೆಸಿಕೊಳ್ಳುತ್ತಿದ್ದಾಗ ಅವಳು ಮಗ್ಗದಿಂದ ಒಂದು ಎಳೆ ಎತ್ತಿಕೊಂಡು, ಮೆಲ್ಲಗೆ ಏಣಿ ಹತ್ತಿ, ಬಾಯಿಯ ಸುತ್ತಲೂ ಹಿಡಿದು ನೋಡಿದಳು. ಎಳೆ ಅಲುಗಾಡಲಿಲ್ಲ. ನನ್ನ ಕಡೆ ತಿರುಗಿ, ನಗದೆ, ತಲೆದೂಗಿದಳು.

"ಸೊಗಸಾಗಿ ಬಿಗ್ದಿದ್ದೀಯ ಕಣಪ್ಪ. ಎಲ್ಲೂ ಒಂಚೂರು ಸೋರ್ತಿಲ್ಲ."